ಬಾಡಿ ಬದಲಿಸುವ ಮೊದಲು ಲೆನ್ಸಿನ ಮೇಲಿನ ಅಂಕಿ ಓದಿ

ಹರಿಹರದಿಂದ ಒಬ್ಬ ನಿವೃತ್ತ ಮೇಷ್ಟರು ಕ್ಯಾಮೆರಾ ಚೀಲವನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ದಾವಣಗೆರೆಯ ನನ್ನ ದುರಸ್ತಿ ಅಂಗಡಿಗೆ ಬಂದರು. ಮೊಮ್ಮಗಳ ಭರತನಾಟ್ಯದ ಮುನ್ನೂರು ಫೋಟೋ ತೆಗೆದಿದ್ದರು. ಮುನ್ನೂರರಲ್ಲೂ ಹುಡುಗಿಯ ಕೈಗಳು ಹೊಗೆಯಂತೆ ಕರಗಿಹೋಗಿದ್ದವು. "ತಮ್ಮಾ, ಈ ಬಾಡಿ ಮುಗಿಯಿತು. ಪಿಂಚಣಿ ದುಡ್ಡು ಸ್ವಲ್ಪ ಕೂಡಿಟ್ಟಿದ್ದೇನೆ. ದೊಡ್ಡದೊಂದು ಹೇಳು" ಎಂದರು.

ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಅದಕ್ಕೆ ಏನೂ ಆಗಿರಲಿಲ್ಲ. ವಾರಕ್ಕೆ ಇಬ್ಬರಾದರೂ ಇದೇ ಮಾತು ಹೇಳಿಕೊಂಡು ಬರುತ್ತಾರೆ. ಕ್ಯಾಮೆರಾ ಮಾತ್ರ ನೆಟ್ಟಗೇ ಇರುತ್ತದೆ. ಇವರ ದುಡ್ಡು ಹೀಗೆ ಬಾಡಿಯಿಂದ ಬಾಡಿಗೆ ಹರಿದುಹೋಗುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಫೋಟೋದ ವಿವರ ತೆರೆದು ನೋಡಿದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ, 1600. ಶಟರ್, ಅಂದರೆ ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು, ಸೆಕೆಂಡಿನ ಹದಿನೈದನೇ ಒಂದು ಭಾಗ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, 5.6; ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾದ ಜೊತೆಗೇ ಬಂದಿದ್ದ 18-55 ಕಿಟ್ ಲೆನ್ಸನ್ನು ತುದಿಯವರೆಗೆ ಜೂಮ್ ಮಾಡಿ ತೆಗೆದಿದ್ದರು. ಅದರ ಮುಂಭಾಗದ ಉಂಗುರದಲ್ಲಿ 1:3.5-5.6 ಎಂದು ಬರೆದಿರುತ್ತದೆ. 18ರಲ್ಲಿ ನಿಂತಾಗ ಕಿಂಡಿ 3.5ರವರೆಗೆ ತೆರೆಯುತ್ತದೆ, 55ಕ್ಕೆ ಹೋದಾಗ 5.6ಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ ಎಂದು ಅದರ ಅರ್ಥ. ಮುಖ ಹತ್ತಿರ ಕಾಣಲಿ ಎಂದು ಜೂಮ್ ತಿರುಗಿಸುತ್ತ ಹೋದಂತೆ ಬೆಳಕು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಮಂದ ಬೆಳಕಿನ ಸಭಾಭವನದಲ್ಲಿ ಬಾಕಿ ಮೂರು ಪಾಲನ್ನು ಎಲ್ಲಿಂದ ತರುವುದು?

ಈ ಒಂದು ವಿಷಯವನ್ನು ನಾನು ದಿನವೂ ಹೇಳುತ್ತೇನೆ, ಇಲ್ಲಿಯೂ ಬಿಡಿಸಿಯೇ ಹೇಳುತ್ತೇನೆ. ಲೆನ್ಸಿನ ನಾಭಿದೂರವನ್ನು, ಅಂದರೆ 18, 55 ಎಂಬ ಮಿಲಿಮೀಟರ್ ಅಂಕಿಯನ್ನು, ಅಪರ್ಚರ್ ಅಂಕಿಯಿಂದ ಭಾಗಿಸಿ. 55ನ್ನು 5.6ರಿಂದ ಭಾಗಿಸಿದರೆ ಸುಮಾರು 10 ಮಿಲಿಮೀಟರ್. ಬೆಳಕು ಬರುವ ಕಿಂಡಿಯ ಅಗಲ ಅಷ್ಟೇ, ಕಿರುಬೆರಳಿನ ಉಗುರಿನಷ್ಟು. ಜೂಮ್ ಇಲ್ಲದ 50 ಎಂಎಂ 1.8 ಲೆನ್ಸಿನಲ್ಲಿ 50ನ್ನು 1.8ರಿಂದ ಭಾಗಿಸಿದರೆ ಸುಮಾರು 28 ಮಿಲಿಮೀಟರ್. ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್ ಇದೆ, ಹೋಲಿಸಿ ನೋಡಿ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: ಒಂದೇ ಬೆಳಕಿನಲ್ಲಿ ಎರಡನೆಯದು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬಿಂಬ ಬೀಳುವ ತಟ್ಟೆ, ಅದರ ಮೇಲೆ ಮೊದಲನೆಯದರ ಒಂಬತ್ತೂವರೆ ಪಟ್ಟಿಗಿಂತ ಹೆಚ್ಚು ಪ್ರಖರ ಬೆಳಕು ಬೀಳಿಸುತ್ತದೆ.

ಸೂಳೆಕೆರೆ ನೀರಿನ ಊರುಗಳಿಂದ ಬಂದವರಿಗೆ ನಾನು ತೂಬಿನ ಲೆಕ್ಕ ಹೇಳುತ್ತೇನೆ. ತೂಬು ಚಿಕ್ಕದಾದರೆ ಗದ್ದೆ ತುಂಬಲು ಹೆಚ್ಚು ಹೊತ್ತು ನೀರು ಬಿಡಬೇಕು. ಕ್ಯಾಮೆರಾದಲ್ಲಿ ಆ ಹೆಚ್ಚು ಹೊತ್ತು ಎಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗ, ಅಷ್ಟರಲ್ಲಿ ನರ್ತಕಿಯ ಕೈ ಒಂದು ಮುದ್ರೆಯಿಂದ ಇನ್ನೊಂದಕ್ಕೆ ಹೊರಟಿರುತ್ತದೆ. 1.8ರ ಲೆನ್ಸ್ ಇದ್ದಿದ್ದರೆ ಅದೇ ವೇದಿಕೆಯಲ್ಲಿ, ಅದೇ ಹಳೆಯ ಬಾಡಿಯಲ್ಲಿ, ಶಟರ್ ಸುಮಾರು 145ನೇ ಒಂದು ಭಾಗಕ್ಕೆ ಏರುತ್ತಿತ್ತು. ಹೊಸ ಬಾಡಿ ಕೊಂಡು ಐಎಸ್‌ಒ ಏರಿಸಿದರೆ ಸ್ವಲ್ಪ ಅನುಕೂಲವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದೇ ಕಿಟ್ ಲೆನ್ಸ್ ಹಾಕಿಕೊಂಡರೆ ತೂಬು ಅದೇ ಅಲ್ಲವೇ?

ಉಂಗುರದಲ್ಲಿ ø ಗುರುತಿನ ಮುಂದೆ 58 ಎಂದೋ 52 ಎಂದೋ ಇನ್ನೊಂದು ಅಂಕಿ ಇರುತ್ತದೆ. ಅದು ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಫಿಲ್ಟರ್ ಗಾಜಿನ ಅಳತೆ. ಮುಂದಿನ ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು ಎಂದು ನಂಬಿ ಬರುವವರು ಬಹಳ. ಕ್ಯಾನನ್‌ನ ಇಎಫ್-ಎಸ್ 18-55 ಎಸ್‌ಟಿಎಂ ಎಂಬ ಮಾದರಿಯ ಲೆನ್ಸಿಗೆ 58 ಇದೆ, 50 ಎಂಎಂ 1.8 ಎಸ್‌ಟಿಎಂಗೆ 49 ಮಾತ್ರ. ಹೆಚ್ಚು ಬೆಳಕು ಬಿಡುವುದು ಆ 49ರ ಲೆನ್ಸೇ. ಹಾಗೆಯೇ ಲೆನ್ಸಿನೊಳಗಿನ ಸ್ಟೆಬಿಲೈಸರ್ ನಿಮ್ಮ ಕೈನಡುಕವನ್ನು ತಡೆಯುತ್ತದೆ, ಕುಣಿಯುವವರ ಕೈಯನ್ನು ತಡೆಯುವುದಿಲ್ಲ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕತೆ ನೆನೆದರೆ ಈಗಲೂ ಬೇಸರವಾಗುತ್ತದೆ. ಫಸಲು ಮಾರಿದ ದುಡ್ಡಿನಲ್ಲಿ 24 ಮೆಗಾಪಿಕ್ಸೆಲ್‌ನ ನಿಕಾನ್ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ, ಬಾಡಿ ತಂದರು. ಲೆನ್ಸಿಗೆ ಕಾಸು ಉಳಿಯಲಿಲ್ಲ. ಹಳೆಯ ಸಣ್ಣ ಕ್ಯಾಮೆರಾದ 18-55 ಇತ್ತಲ್ಲ, ಅದನ್ನೇ ಸಿಕ್ಕಿಸಿಕೊಂಡರು. ಅದು ಸಣ್ಣ ಸೆನ್ಸರ್‌ಗೆಂದು ಮಾಡಿದ ಲೆನ್ಸ್, ದೊಡ್ಡ ಸೆನ್ಸರ್‌ನ ಮೂಲೆಗಳಿಗೆ ಅದರ ಬಿಂಬ ತಲುಪುವುದಿಲ್ಲ. ಕ್ಯಾಮೆರಾ ತಾನಾಗಿಯೇ ಅಂಚುಗಳನ್ನು ಬಿಟ್ಟು ನಡುವಿನ ಭಾಗವನ್ನಷ್ಟೇ ಬಳಸಿತು. ಉಳಿದದ್ದು 10 ಮೆಗಾಪಿಕ್ಸೆಲ್ ಚಿಲ್ಲರೆ. ದುಡ್ಡು ಕೊಟ್ಟು ತಂದ ಸೆನ್ಸರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಕೆಲಸವಿಲ್ಲದೆ ಕೂತಿತ್ತು. ಅವರಿಗೆ ಅದನ್ನು ವಿವರಿಸುವಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮೆಗಾಪಿಕ್ಸೆಲ್ ಬಗ್ಗೆ ಇಷ್ಟೇ: ಇಂಚಿಗೆ 300 ಚುಕ್ಕಿಯಂತೆ 12-18, ಅಂದರೆ 12 ಇಂಚು ಅಗಲ 18 ಇಂಚು ಉದ್ದದ, ಪ್ರಿಂಟ್ ಹಾಕಿಸಲು 20 ಮೆಗಾಪಿಕ್ಸೆಲ್‌ನೊಳಗೆ ಸಾಕು. ನಿಮ್ಮಲ್ಲಿ ಎಷ್ಟು ಜನ 12-18 ಹಾಕಿಸಿದ್ದೀರಿ?

ಬಜೆಟ್ ಬಿಗಿಯಿದ್ದರೆ ಸೆಕೆಂಡ್ ಹ್ಯಾಂಡ್ ತಪ್ಪಲ್ಲ, ಆದರೆ ಜೋಡಿ ಹೊಂದುತ್ತದೆಯೇ ನೋಡಿಕೊಳ್ಳಿ. ಜಗಳೂರಿನ ಹುಡುಗನೊಬ್ಬ ಹಳೆಯ ನಿಕಾನ್ 50 ಎಂಎಂ ಎಎಫ್-ಡಿ ಲೆನ್ಸ್ ತಂದು "ಸತ್ತುಹೋಗಿದೆ ಅಣ್ಣಾ, ಫೋಕಸ್ ಆಗುತ್ತಿಲ್ಲ" ಎಂದ. ಆ ಲೆನ್ಸಿನಲ್ಲಿ ಮೋಟಾರ್ ಇರುವುದಿಲ್ಲ, ಅದನ್ನು ತಿರುಗಿಸುವ ಮೋಟಾರ್ ಬಾಡಿಯಲ್ಲಿರಬೇಕು. ಅವನ ನಿಕಾನ್ ಡಿ3500 ಬಾಡಿಯಲ್ಲಿ ಅದಿಲ್ಲ. ವ್ಯೂಫೈಂಡರಿನ ಮೂಲೆಯ ಹಸಿರು ಚುಕ್ಕಿ ಸ್ಥಿರವಾಗಿ ನಿಲ್ಲುವವರೆಗೆ ಕೈಯಲ್ಲೇ ಫೋಕಸ್ ಉಂಗುರ ತಿರುಗಿಸಲು ಕಲಿಸಿ ಕಳುಹಿಸಿದೆ. ಈಗ ಅವನ ಕೈ ನನ್ನದಕ್ಕಿಂತ ಚುರುಕು. ಕೊಳ್ಳುವ ಮೊದಲು ಲೆನ್ಸಿನ ಹಿಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ನಿಮ್ಮ ಲೆನ್ಸನ್ನೂ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಬೀಗ ಜಡಿದಿಡಬೇಡಿ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಸಾಕು.

ಇದನ್ನು ಓದಿ ಎಲ್ಲರೂ 50 ಎಂಎಂ ಕೊಳ್ಳಲು ಓಡಬೇಡಿ. ಕೊಂಡಜ್ಜಿ ಕೆರೆಯ ಹಕ್ಕಿಗೆ ಅದು ಕೆಲಸಕ್ಕೆ ಬಾರದು; ಅಲ್ಲಿಗೆ 250ರಿಂದ 300ರವರೆಗೆ ಮುಟ್ಟುವ ಜೂಮ್ ಬೇಕು, ಬೆಳಗಿನ ಒಳ್ಳೆಯ ಬಿಸಿಲೂ ಬೇಕು. ಚಿತ್ರದುರ್ಗದ ಕೋಟೆಯ ಬಂಡೆಗಳಿಗೆ ನೀವು ಬೈಯುವ ಆ ಕಿಟ್ ಲೆನ್ಸೇ 18ರಲ್ಲಿ, ಅಪರ್ಚರ್ 8ಕ್ಕಿಟ್ಟರೆ ಸೊಗಸಾದ ಚಿತ್ರ ಕೊಡುತ್ತದೆ. ಏನು ತೆಗೆಯುತ್ತೀರಿ, ಯಾವ ಬೆಳಕಿನಲ್ಲಿ ಎಂದು ಮೊದಲು ಹೇಳಿ, ಆಮೇಲೆ ಲೆನ್ಸ್, ಕೊನೆಗೆ ಬಾಡಿ. ಅದೂ ಒಟ್ಟು ಹಣದ ಅರ್ಧ ದಾಟದಂತೆ. ಇದು ನನ್ನ ಅನುಭವದ ಅಳತೆ, ನಿಯಮವೇನಲ್ಲ.

ಮೇಷ್ಟರಿಗೆ ನನ್ನದೇ 50 ಎಂಎಂ ಲೆನ್ಸನ್ನು ಒಂದು ವಾರಕ್ಕೆ ಕೊಟ್ಟಿದ್ದೆ. ಹಿಂತಿರುಗಿಸಲು ಬಂದಾಗ ಅವರ ಸಂತೋಷ ಹೇಳತೀರದು, ಮುದ್ರೆಯಲ್ಲಿ ಬೆರಳುಗಳನ್ನು ಎಣಿಸಬಹುದಿತ್ತು. ಜೊತೆಗೆ ಒಂದು ದೂರೂ ಇತ್ತು. ವೇದಿಕೆಗೆ ಹೋಗುವ ಮೊದಲು ಹುಡುಗಿ ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಳ್ಳುತ್ತಿದ್ದಾಗ ತೀರ ಹತ್ತಿರದಿಂದ ತೆಗೆದ ಫೋಟೋದಲ್ಲಿ ರೆಪ್ಪೆ ಸ್ಪಷ್ಟವಾಗಿತ್ತು, ಕಿವಿಯ ಜುಮುಕಿ ಮಬ್ಬಾಗಿತ್ತು. "ಈ ಜುಮುಕಿ ನಮ್ಮ ಮನೆಯವರದು ತಮ್ಮಾ, ಅದು ಕಾಣಬೇಕಿತ್ತು" ಎಂದರು. ಕಿಂಡಿ ದೊಡ್ಡದಾದಷ್ಟೂ ಫೋಕಸ್‌ನ ಹಿಂದೆ ಮುಂದೆ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಅಪರ್ಚರ್ 4ಕ್ಕಿಟ್ಟು, ಕಿಟಕಿಯ ಪಕ್ಕ ಕೂರಿಸಿ, ಮುಖವನ್ನು ಸ್ವಲ್ಪ ಓರೆ ಮಾಡಿಸಿ ತೆಗೆಯಿರಿ ಮೇಷ್ಟರೇ ಎಂದು ಲೆನ್ಸನ್ನು ಮತ್ತೆ ಅವರ ಚೀಲದಲ್ಲೇ ಇಟ್ಟೆ.