“ಆನ್‌ಲೈನ್‌ನಲ್ಲಿ ಇಸಿ ತೆಗೆದೆ, ಏನೂ ಇಲ್ಲ ಅಂತ ಬಂತು. ಅಡ್ವಾನ್ಸ್ ಕೊಡಲಾ?”

ಊರು ಬೇರೆ, ಸೈಟು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಕೇಳಿರುವವರು ಬೆಂಗಳೂರಿನ ಅಂಚಿನಲ್ಲಿ 30×40 ಸೈಟು ನೋಡಿದ್ದಾರೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿಗೆ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿದ್ದಾರೆ. ನಮೂನೆ 16 ಬಂದಿದೆ, ಅಂದರೆ ‘ಋಣಭಾರ ಇಲ್ಲ’. ಮಾರುವವರು ಈ ಸೈಟನ್ನು 2012ರಲ್ಲಿ ಕೊಂಡವರಂತೆ. ಭಾನುವಾರದೊಳಗೆ ಅಡ್ವಾನ್ಸ್ ಬೇಕಂತೆ.

ಕೊಡಬೇಡಿ. ಮೊದಲು ನಿಮ್ಮ ಪ್ರಶ್ನೆಯನ್ನೇ ಇನ್ನೊಂದು ಸಲ ಓದಿ. ಅವರು 2012ರಲ್ಲಿ ಕೊಂಡಿದ್ದು ನಿಜವಾದರೆ ಆ ಕ್ರಯಪತ್ರ ಇಸಿಯಲ್ಲಿ ಕಾಣಲೇಬೇಕು. ವ್ಯವಹಾರ ಇದ್ದರೆ ಬರೋದು ನಮೂನೆ 15. ನಿಮಗೆ ನಮೂನೆ 16 ಬಂದಿದೆ ಅಂದರೆ ಅವರು ಕೊಂಡಿದ್ದೂ ಅದರಲ್ಲಿ ಇಲ್ಲ! ಒಂದೋ ನೀವು ಬೇರೆ ಯಾವುದೋ ಆಸ್ತಿಯನ್ನೋ ಬೇರೆ ಅವಧಿಯನ್ನೋ ಹುಡುಕಿದ್ದೀರಿ, ಇಲ್ಲವೇ ಅವರ ಹತ್ತಿರ ಇರುವ ಪತ್ರ ನೋಂದಣಿಯೇ ಆಗಿಲ್ಲ. ‘ಏನೂ ಇಲ್ಲ’ ಅಂತ ಬಂದಾಗ ಸಮಾಧಾನ ಆಗಬಾರದು, ಗಾಬರಿ ಆಗಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನ ನಮೂನೆ 16ರ ಪಿಡಿಎಫ್ ಹಿಡಿದುಕೊಂಡು ಖುಷಿಯಾಗಿ ಬರುತ್ತಾರೆ.

ಹೋದ ವರ್ಷ ಒಬ್ಬ ದಂಪತಿ ನನ್ನ ಮೇಜಿನ ಮುಂದೆ ಹೀಗೇ ಬಂದು ಕೂತಿದ್ದರು. ಕ್ರಯಪತ್ರದ ಜೆರಾಕ್ಸ್ ತೆಗೆಸಿದೆ. ‘ಕಡೆಯ ಪುಟದ ಷೆಡ್ಯೂಲ್ ಜೋರಾಗಿ ಓದಮ್ಮ’ ಎಂದೆ. ಆಕೆ ಓದಿದರು: ಸೈಟ್ ನಂಬರ್ 14, ಪಂಚಾಯಿತಿ ಖಾತೆ ನಂಬರ್ 212, ಸರ್ವೆ ನಂಬರ್ 62/3, ಆಮೇಲೆ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿಗೆ ಯಾರ ಜಾಗ ಇದೆ ಅನ್ನುವ ವಿವರ. (ನಂಬರುಗಳನ್ನು ಬದಲಿಸಿದ್ದೇನೆ.) ಇವರು ಹುಡುಕಿದ್ದು ಬರೀ 14 ಅಂತ. ಒಂದೇ ಜಾಗಕ್ಕೆ ಮೂರು ನಂಬರು ಇದೆ ಅಲ್ವಾ, ಹಳೆಯ ಪತ್ರಗಳು ಯಾವ ನಂಬರಿನಲ್ಲಿ ನೋಂದಣಿ ಆಗಿವೆಯೋ ಆ ನಂಬರಿನಲ್ಲೇ ಸಿಗುತ್ತವೆ. ಸರ್ವೆ ನಂಬರು ಹಾಕಿ ಮತ್ತೆ ತೆಗೆದಾಗ ಪಟ್ಟಿಯೇ ಬಂತು. ಅದರಲ್ಲಿ ತೀರಿಸದ ಒಂದು ಅಡಮಾನವೂ ಇತ್ತು. ಆಕೆ ಪಟ್ಟಿಯನ್ನು ಎರಡೆರಡು ಸಲ ಬೆರಳಿಟ್ಟು ಓದಿದರು. ಆವತ್ತಿನಿಂದ ಯಾರು ಬಂದರೂ ಷೆಡ್ಯೂಲ್ ಓದಿಸದೆ ನಾನು ಮುಂದೆ ಹೋಗುವುದಿಲ್ಲ.

ಸರಿಯಾದ ನಂಬರಿಗೇ ಇಸಿ ತೆಗೆದಿರಿ ಅಂತಿಟ್ಟುಕೊಳ್ಳಿ. ಆಗಲೂ ಅದು ನೋಂದಣಿಯಾದ ಪತ್ರಗಳ ಪಟ್ಟಿ, ಅಷ್ಟೇ. ‘ಇವರೇ ಮಾಲೀಕರು’ ಎಂದು ಇಸಿ ಎಲ್ಲೂ ಹೇಳುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಸ್ತಿಯ ಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ಇಸಿ ಬರುವುದು ಅಲ್ಲಿಂದ. ವಿಲ್ ಹೋಗುವುದು 3ನೇ ಪುಸ್ತಕಕ್ಕೆ. ಹಾಗಾಗಿ ಅಜ್ಜ ಬರೆದಿಟ್ಟ ವಿಲ್ ನೋಂದಣಿ ಆಗಿದ್ದರೂ ನಿಮ್ಮ ಇಸಿಯಲ್ಲಿ ಕಾಣದು. ಛಾಪಾ ಕಾಗದದ ಮೇಲೆ ಸುಮ್ನೆ ಬರೆದುಕೊಂಡ ಕರಾರು ಕಾಣದು. ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ ಕಾಣದು. ಅದಕ್ಕೆ ಕೋರ್ಟುಗಳ ಜಾಲತಾಣ ಇಕೋರ್ಟ್ಸ್‌ನಲ್ಲಿ ಮಾರುವವರ ಹೆಸರು, ಅವರ ಅಪ್ಪನ ಹೆಸರು ಎರಡನ್ನೂ ಹಾಕಿ ಹುಡುಕಿ. ಅದಕ್ಕೆ ದುಡ್ಡೇನೂ ಇಲ್ಲ. ಹೆಸರಿನ ಅಕ್ಷರ ಬದಲಿಸಿ ಬದಲಿಸಿ ನೋಡಬೇಕು, ಅಷ್ಟೇ.

ಜಾಸ್ತಿ ತಲೆನೋವು ತರುವುದು ಹೆಣ್ಣುಮಕ್ಕಳ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಮೂವರು ಅಣ್ಣತಮ್ಮಂದಿರು ಸಹಿ ಹಾಕಿ ಮಾರಿದ್ದಾರೆ, ಮದುವೆಯಾಗಿ ಹಾಸನಕ್ಕೆ ಹೋದ ಅಕ್ಕನ ಸಹಿ ಇಲ್ಲ ಅಂದರೆ ಇಸಿ ಅದನ್ನು ನಿಮಗೆ ಹೇಳುತ್ತದಾ? ವಂಶವೃಕ್ಷ ಕೇಳಿ. ಸಂಕೋಚ ಬೇಡ.

ಇನ್ನೊಂದು, ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ಆ ಜಮೀನು ಸಿಗಬೇಕಾದ್ದು ಆ ಕುಟುಂಬಕ್ಕೇ. ಇದು ಗೊತ್ತಾಗಬೇಕಾದರೆ ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ ದಾಖಲೆ) ನೋಡುತ್ತಾ ಹಿಂದಕ್ಕೆ ಹೋಗಬೇಕು, ಜಮೀನು ಮೊದಲು ಯಾರಿಗೆ ಹೇಗೆ ಬಂತು ಅನ್ನುವವರೆಗೆ. ಕಾವೇರಿಯ ಆನ್‌ಲೈನ್ ಇಸಿ 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೆ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಹಾಕಿ. ನಾನು ಕನಿಷ್ಠ 30 ವರ್ಷದ್ದು ಕೇಳುತ್ತೇನೆ.

ಖಾತೆ ಇದೆಯಲ್ಲಾ ಎನ್ನುವವರಿಗೆ: ಖಾತೆ ಇರುವುದು ತೆರಿಗೆ ಕಟ್ಟಲು, ಅದು ಇ-ಖಾತೆಯಾದರೂ ಅಷ್ಟೇ. ಸಾಲದ ವಿಷಯಕ್ಕೆ ಬಂದರೆ ಮಾರುವವರ ಹತ್ತಿರ ಅಸಲು ಕ್ರಯಪತ್ರ ಕೇಳಿ, ಜೆರಾಕ್ಸ್ ಅಲ್ಲ. ಅಸಲು ತೋರಿಸಲು ದಿನ ದೂಡುತ್ತಿದ್ದರೆ ಅದು ಎಲ್ಲೋ ಅಡವು ಇರಬಹುದು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯ. ನೀವು ಪತ್ರ ನೋಡಿದಿರಿ, ಆದರೆ ಪತ್ರದಲ್ಲಿರುವ ಸೈಟೂ ಏಜೆಂಟ್ ತೋರಿಸಿದ ಸೈಟೂ ಒಂದೇನಾ? ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸೈಟಿನ ನಡುವೆ ನಿಂತು ತೆರೆಯಿರಿ. ನಿಂತ ಜಾಗದ ಸರ್ವೆ ನಂಬರು ಬರುತ್ತದೆ. 62/3 ಬರಬೇಕಾದಲ್ಲಿ 61 ಬಂದರೆ ಅಲ್ಲೇ ಕೇಳಿ. ಪಕ್ಕದಲ್ಲಿ ರಾಜಕಾಲುವೆ, ಕೆರೆ, ಖರಾಬು (ಸಾಗುವಳಿಗೆ ಬಾರದ ಜಾಗ) ಇದೆಯಾ ನೋಡಿ. ಆದರೆ ಫೋನಿನ ಚುಕ್ಕೆ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. 30 ಅಡಿ ಅಗಲದ ಸೈಟಿಗೆ ಅದು ಅರ್ಧದಷ್ಟಾಯಿತು. ಆ್ಯಪ್ ನೋಡಿ ಗಡಿ ತೀರ್ಮಾನ ಮಾಡಬೇಡಿ. ಅನುಮಾನ ಬಂದರೆ ಸರ್ವೆಯರ್ ಕರೆಸಿ, ಚೈನು ಹಿಡಿಸಿ ಅಳೆಸಿ. ಅಳೆಯುವ ದಿನ ಅಕ್ಕಪಕ್ಕದ ಸೈಟಿನವರೂ ಇರಲಿ. ಚಕ್ಕುಬಂದಿಯಲ್ಲಿರುವ ಹೆಸರುಗಳನ್ನು ಅವರ ಮುಂದೆ ಓದಿ, ‘ಇದು ನೀವೇನಾ’ ಅಂತ ಒಬ್ಬೊಬ್ಬರನ್ನೂ ಕೇಳಿ.