ಟ್ಯಾಂಕಿನ ತುಕ್ಕು: ಹುಳಿನೀರು ಚೆಲ್ಲಿದ ಮೇಲಿನ ಹತ್ತು ನಿಮಿಷ

ಚಿಕ್ಕಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಆರು ವರ್ಷ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಿಂತಿತ್ತು. ಮಲೆನಾಡಿನ ಮಳೆಗೆ ಆರು ವರ್ಷ ಅಂದರೆ ಕಡಿಮೆ ಅಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಆ ಕಾಲದ ಟ್ಯಾಂಕ್ ಕೈಯಲ್ಲಿದ್ದರೆ ಅದನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಮೂರು ಸಲ ತೊಳೆದೆ. ಎರಡು ಸಲ ಕೆಟ್ಟಿತು, ಮೂರನೇ ಸಲ ಸರಿಹೋಯಿತು. ಯಾಕೆ ಕೆಟ್ಟಿತು ಅನ್ನುವುದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಮನೆಯಲ್ಲೇ ಗಾಡಿ ರಿಪೇರಿ ಕಲಿಯುತ್ತಿರುವವರಿಗೆ ಇದು ಬೇಕಾಗುತ್ತದೆ.

ತುಕ್ಕು ಎಲ್ಲಿ ಹಿಡಿಯುತ್ತದೆ

ಟಾರ್ಚ್ ಬಿಟ್ಟು ನೋಡಿದಾಗ ಮೊದಲು ಕಂಡದ್ದು ಇದು: ಮೇಲಿನ ಅರ್ಧ ಕಂದು, ಕೆಳಗಿನ ಅರ್ಧ ಹೆಚ್ಚುಕಮ್ಮಿ ಚೊಕ್ಕ, ತಳದ ಮೂಲೆಯಲ್ಲಿ ಮಾತ್ರ ದಪ್ಪ ಕೆಸರು. ಇದಕ್ಕೆ ಕಾರಣ ಇದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇರುತ್ತದೆ. ಹಗಲು ಬಿಸಿಗೆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಆ ತೇವ ಮೇಲಿನ ಗೋಡೆಯಲ್ಲಿ ಇಬ್ಬನಿಯಂತೆ ಕೂರುತ್ತದೆ. ನಂತರ ಇಳಿದು ಪೆಟ್ರೋಲಿನ ಅಡಿಗೆ ಸೇರುತ್ತದೆ, ಯಾಕೆಂದರೆ ನೀರು ಪೆಟ್ರೋಲಿಗಿಂತ ಭಾರ. ಕೆಳಗಿನ ಅರ್ಧದ ಗೋಡೆ ಉಳಿದದ್ದು 2ಟಿ ಆಯಿಲ್‌ನಿಂದ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಕಲಸಿ ಹಾಕುತ್ತೇವಲ್ಲ, ಅದರ ಪದರ ಗೋಡೆಯ ಮೇಲೆ ನಿಂತಿತ್ತು.

ಈ ಕೆಳಗಿನ ಅರ್ಧ ಚೊಕ್ಕವಾಗಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಗೊಂದಲ ಬಿಡಿಸಿದ್ದು ಇದೇ.

ಹುಳಿಗೆ ಮುಂಚೆ

ಹಳೇ ಪೆಟ್ರೋಲ್ ತೆಗೆದು ಬೇರೆ ಕ್ಯಾನಿಗೆ ಹಾಕಿ. ಚರಂಡಿಗೂ ಬೇಡ, ತೋಟಕ್ಕೂ ಬೇಡ. ಪೆಟ್ರೋಲ್ ಟ್ಯಾಪ್ ಬಿಚ್ಚಿ ಪಕ್ಕಕ್ಕಿಡಿ, ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಮೂರು ಸಲ ತೊಳೆಯಿರಿ. ಆಯಿಲ್ ಪದರ ಹೋಗದಿದ್ದರೆ ಹುಳಿ ಲೋಹವನ್ನು ಮುಟ್ಟುವುದೇ ಇಲ್ಲ.

ಪದರ ಪದರವಾಗಿ ಎದ್ದ ತುಕ್ಕನ್ನು ಕುಲುಕಿ ಉದುರಿಸಬೇಕು. ಕೆಲವರು ನಟ್ಟು, ಸ್ಕ್ರೂ ಹಾಕಿ ಕುಲುಕುತ್ತಾರೆ. ಆಮೇಲೆ ಒಂದೆರಡು ಒಳಗೇ ಸಿಕ್ಕಿಕೊಳ್ಳುತ್ತವೆ. ನಾನು ದನ ಕಟ್ಟುವ ಸಣ್ಣ ಸರಪಳಿ ಹಾಕಿದೆ, ಒಂದು ತುದಿಗೆ ತಂತಿ ಕಟ್ಟಿ ಬಾಯಿಯ ಹೊರಗೆ ಬಿಟ್ಟುಕೊಂಡೆ. ಕೆಲಸ ಆದ ಮೇಲೆ ಎಳೆದರೆ ಪೂರ್ತಿ ಹೊರಗೆ ಬರುತ್ತದೆ. ಟ್ಯಾಂಕಿನ ನಡುವೆ ಫ್ರೇಮ್ ಕೂರುವ ಉಬ್ಬು ಇದೆಯಲ್ಲ, ಅದರ ಎರಡೂ ಬದಿಗೆ ಬೇರೆ ಬೇರೆಯಾಗಿ ಕುಲುಕಬೇಕು.

ಹುಳಿನೀರು

ನಾನು ಬಳಸಿದ್ದು ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ. ಲೀಟರ್ ನೀರಿಗೆ 70 ಗ್ರಾಂ. ಟ್ಯಾಂಕ್ ಎಷ್ಟು ಹಿಡಿಯುತ್ತದೆ ಅಂತ ಮೊದಲೇ ಮಗ್ಗಿನಲ್ಲಿ ಅಳೆದುಕೊಳ್ಳಿ. ಕತ್ತಿನವರೆಗೂ ತುಂಬಿಸಬೇಕು. ಅರ್ಧ ತುಂಬಿಸಿದರೆ ನೀರಿನ ಮಟ್ಟದಲ್ಲೇ ಒಂದು ಗೆರೆ ಬೀಳುತ್ತದೆ. ಹುಳಿ ಕಬ್ಬಿಣವನ್ನು ಮುಟ್ಟಿದಾಗ ಸ್ವಲ್ಪ ಹೈಡ್ರೋಜನ್ ಏಳುತ್ತದೆ. ಆದ್ದರಿಂದ ಮುಚ್ಚಳ ಬಿಗಿಯಬೇಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ಒರೆಸಿ.

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಒಂದೇ ಗಂಟೆಯಲ್ಲಿ ಆಗುತ್ತದೆ ಅಂತ ಹೇಳುವವರು ಇದ್ದಾರೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಅದರ ಕ್ಲೋರೈಡ್ ಸಣ್ಣ ಸಣ್ಣ ಗುಳಿಗಳಲ್ಲಿ ಉಳಿದು ಮತ್ತೆ ತುಕ್ಕು ಎಬ್ಬಿಸುತ್ತದೆ. ನಾನಂತೂ ಹಾಕುವುದಿಲ್ಲ.

ಒಂದು ರಾತ್ರಿ, ಹೆಚ್ಚೆಂದರೆ ಒಂದು ದಿನ ಬಿಟ್ಟರೆ ಸಾಕು. ಒಳಗೆ ಮಾಸಲು ಬೂದು ಬಣ್ಣ ಬಂದಿರುತ್ತದೆ. ಬೆಳ್ಳಿಯ ಹಾಗೆ ಹೊಳೆಯುತ್ತದೆ ಅಂತ ಕಾಯಬೇಡಿ. ಬೂದು ಅಂದರೆ ಆಗಿದೆ.

ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ. ನನಗೂ ಮೊದಲ ಸಲವೇ ಬಂತು.

ನಾನು ಎಡವಿದ ಜಾಗ

ಮೊದಲ ಸಲ ಹುಳಿನೀರು ಚೆಲ್ಲಿ, ಬರೀ ನೀರಿನಲ್ಲಿ ಮೂರು ಸಲ ತೊಳೆದು, ಟ್ಯಾಂಕ್ ಬೋರಲು ಹಾಕಿ ಕಾಫಿಗೆ ಹೋದೆ. ಇಪ್ಪತ್ತು ನಿಮಿಷಕ್ಕೆ ಬಂದು ನೋಡಿದರೆ ಒಳಗೆಲ್ಲ ಕಿತ್ತಳೆ ಬಣ್ಣ. ಚಿಕ್ಕಪ್ಪ ಬಗ್ಗಿ ನೋಡಿ, "ಏನೋ ಇದು, ಮೊದಲೇ ಚೆನ್ನಾಗಿತ್ತಲ್ಲೋ" ಅಂದರು. ಹುಳಿ ಸಾಲಲಿಲ್ಲ ಅಂದುಕೊಂಡೆ. ಮುಂದಿನ ವಾರ ಎರಡರಷ್ಟು ಹಾಕಿದೆ. ಮತ್ತೆ ಅದೇ ಕಿತ್ತಳೆ, ಈ ಸಲ ಇನ್ನೂ ಬೇಗ.

ಆಗ ಸರಿಯಾಗಿ ನೋಡಿದೆ. ಕೆಳಗಿನ ಅರ್ಧವೂ ಕಿತ್ತಳೆ! ಆಯಿಲ್ ಪದರ ಕಾದಿದ್ದ ಆ ಜಾಗದಲ್ಲಿ ಮೊದಲು ತುಕ್ಕೇ ಇರಲಿಲ್ಲ. ಹಾಗಾದರೆ ಇದು ಉಳಿದ ತುಕ್ಕು ಅಲ್ಲ, ಈಗ ಹುಟ್ಟಿದ ತುಕ್ಕು. ಎರಡನ್ನೂ ಬೆರಳಿನಲ್ಲೇ ಗುರುತಿಸಬಹುದು. ಹಳೆಯದು ಕಡು ಕಂದು, ಗಂಟು ಗಂಟು, ಒರೆಸಿದರೆ ಹೋಗುವುದಿಲ್ಲ. ಹೊಸದು ಕುಂಕುಮದ ಪುಡಿಯಂತೆ ಬೆರಳಿಗೆ ಬರುತ್ತದೆ.

ಇದಕ್ಕೆ ಫ್ಲಾಶ್ ರಸ್ಟ್ ಅನ್ನುತ್ತಾರೆ. ಕಬ್ಬಿಣ ತುಕ್ಕು ಹಿಡಿಯಲು ನೀರು ಬೇಕು, ಆಕ್ಸಿಜನ್ ಬೇಕು. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ನೀರಿನಲ್ಲಿ ಕರಗಿದ ಆಕ್ಸಿಜನ್ ಅದನ್ನು ತೆಗೆದುಕೊಳ್ಳುತ್ತದೆ. ಹುಳಿಯಲ್ಲಿ ತೊಳೆದ ಕಬ್ಬಿಣದ ಮೇಲೆ ಯಾವ ಹೊದಿಕೆಯೂ ಇಲ್ಲ. ಆಯಿಲ್ ಇಲ್ಲ, ಹಳೇ ಪದರ ಇಲ್ಲ. ಮೂಲೆಗಳಲ್ಲಿ ಉಳಿದ ಹುಳಿ ಇದನ್ನು ಇನ್ನೂ ಚುರುಕು ಮಾಡುತ್ತದೆ.

ನನಗೆ ತಲೆಗೆ ಹೋಗದೇ ಇದ್ದದ್ದು ಒಂದು. ಟ್ಯಾಂಕ್ ತುಂಬ ನೀರಿದ್ದಾಗ ಇಷ್ಟು ಬೇಗ ತುಕ್ಕು ಬರುವುದಿಲ್ಲ, ಚೆಲ್ಲಿದ ಮೇಲೆ ಯಾಕೆ ಬರುತ್ತದೆ? ನೀರು ಕಡಿಮೆಯಾದರೆ ತುಕ್ಕೂ ಕಡಿಮೆ ಆಗಬೇಕಲ್ವಾ? ಉತ್ತರ ನೀರಿನ ದಪ್ಪದಲ್ಲಿದೆ. ತುಂಬಿದ ನೀರಿನಲ್ಲಿ ಹೊರಗಿನ ಆಕ್ಸಿಜನ್ ಗೋಡೆಯವರೆಗೆ ತಲುಪುವುದು ತುಂಬಾ ನಿಧಾನ. ಗೋಡೆಗೆ ಅಂಟಿದ ತೆಳು ಪಸೆಯಲ್ಲಿ ಗಾಳಿಗೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟೇ ದೂರ. ಅಂದರೆ ಪೂರ್ತಿ ಮುಳುಗಿದ್ದರೆ ಸಮಯ ಸಿಗುತ್ತದೆ, ಪೂರ್ತಿ ಒಣಗಿದ್ದರೆ ಕ್ಷೇಮ. ನಡುವಿನ ಒದ್ದೆ ಸ್ಥಿತಿಯೇ ಅಪಾಯ. ನಾನು ಮೂರು ಸಲ ತೊಳೆದು ಮೂರು ಸಲ ಆ ಒದ್ದೆ ಸ್ಥಿತಿಗೆ ತಂದಿದ್ದೆ. ಮೇಲೆ ಕಾಫಿಗೆ ಬೇರೆ ಹೋಗಿದ್ದೆ.

ಅಡುಗೆ ಸೋಡಾ ಮತ್ತು ವಾಷಿಂಗ್ ಸೋಡಾ

ಹುಳಿ ಸಾಯಿಸಲು ಅಡುಗೆ ಸೋಡಾ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹುಳಿ ಸಾಯುತ್ತದೆ, ನಿಜ. ಆದರೆ ಅದರ ನೀರಿನ ಪಿಎಚ್ (ಹುಳಿ, ಕ್ಷಾರ ಅಳೆಯುವ ಅಂಕಿ; 7ಕ್ಕಿಂತ ಮೇಲೆ ಕ್ಷಾರ) ಸುಮಾರು 8.3 ಅಷ್ಟೇ. ಕಬ್ಬಿಣ ತನ್ನ ಮೇಲೆ ತಾನೇ ಗಟ್ಟಿ ರಕ್ಷಣಾ ಪದರ ಕಟ್ಟಿಕೊಳ್ಳಲು ಪಿಎಚ್ 10 ದಾಟಬೇಕು. ಬಟ್ಟೆ ಒಗೆಯುವ ವಾಷಿಂಗ್ ಸೋಡಾ, ಲೀಟರಿಗೆ ಒಂದು ಟೀ ಚಮಚ ಹಾಕಿದರೂ 11ರ ಹತ್ತಿರ ಹೋಗುತ್ತದೆ. ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು. 8.3ಕ್ಕೂ 11ಕ್ಕೂ ಕ್ಷಾರದಲ್ಲಿ ಐನೂರು ಪಟ್ಟಿನ ಅಂತರ ಇದೆ. ಹೆಸರಿನಲ್ಲಿ ಎರಡೂ ಸೋಡಾ, ಕೆಲಸದಲ್ಲಿ ಬೇರೆ ಬೇರೆ.

ನಮ್ಮೂರ ಅಂಗಡಿಯಲ್ಲಿ ವಾಷಿಂಗ್ ಸೋಡಾ ಇರಲಿಲ್ಲ. ಮನೆಯಲ್ಲೇ ಮಾಡಿಕೊಂಡೆ, ಇದು ನನಗೆ ತುಂಬಾ ಇಷ್ಟವಾದ ದಾರಿ. ಅಡುಗೆ ಸೋಡಾವನ್ನು ಹಳೇ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಚೆನ್ನಾಗಿ ಹುರಿಯಬೇಕು. ಅದರಿಂದ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹೋಗಿ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಉಳಿಯುತ್ತದೆ. ಪೂರ್ತಿ ಆಯಿತೋ ಇಲ್ಲವೋ ಅಂತ ತಕ್ಕಡಿಯಲ್ಲೇ ತಿಳಿಯಬಹುದು. 100 ಗ್ರಾಂ ಹಾಕಿದ್ದರೆ 63 ಗ್ರಾಂ ಹತ್ತಿರ ಇಳಿಯಬೇಕು. 75ರಲ್ಲಿ ನಿಂತಿದ್ದರೆ ಇನ್ನೂ ಹುರಿಯಿರಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಈ ಸೋಡಾ ಅದನ್ನು ತಿನ್ನುತ್ತದೆ. ಕಣ್ಣಿಗೂ ಹಾರಿಸಿಕೊಳ್ಳಬೇಡಿ.

ಮೂರನೇ ಸಲ ಮಾಡಿದ್ದು

ಹುಳಿ ಚೆಲ್ಲುವ ಮೊದಲೇ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡೆ: ಅಡುಗೆ ಸೋಡಾ ನೀರು ಒಂದು ಬಕೆಟ್, ವಾಷಿಂಗ್ ಸೋಡಾ ನೀರು ಒಂದು ಬಕೆಟ್, ಬಚ್ಚಲ ಹಂಡೆಯಲ್ಲಿ ಬಿಸಿನೀರು, ಕೂದಲು ಒಣಗಿಸುವ ಡ್ರೈಯರ್.

ಹುಳಿ ಚೆಲ್ಲಿದ ಕೂಡಲೇ ಅಡುಗೆ ಸೋಡಾ ನೀರು. ಬುಸ್ಸೆಂದು ನೊರೆ ಬರುತ್ತದೆ, ಬಾಯಿ ತೆರೆದೇ ಇರಲಿ. ನೊರೆ ನಿಂತ ಮೇಲೆ ಅದನ್ನು ಚೆಲ್ಲಿ, ಉಸಿರು ಬಿಡುವುದರೊಳಗೆ ವಾಷಿಂಗ್ ಸೋಡಾ ನೀರನ್ನು ಕತ್ತಿನವರೆಗೆ ತುಂಬಿದೆ. ಈಗ ಬೇಕಾದರೆ ಕಾಫಿ ಕುಡಿಯಬಹುದು, ಟ್ಯಾಂಕ್ ಮುಳುಗಿದೆ.

ಕೊನೆಯ ಸಲಕ್ಕೆ ಹಂಡೆಯ ಬಿಸಿನೀರು, ಅದಕ್ಕೂ ಲೀಟರಿಗೆ ಒಂದು ಚಮಚ ಅದೇ ಸೋಡಾ. ಐದು ನಿಮಿಷ ಬಿಟ್ಟರೆ ತಗಡೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಚೆಲ್ಲಿದ ಮೇಲೆ ಆ ಬಿಸಿಗೆ ಗೋಡೆ ತಾನಾಗಿಯೇ ಒಣಗತೊಡಗುತ್ತದೆ. ಕೂಡಲೇ ಟ್ಯಾಪ್ ತೂತಿನಿಂದ ಡ್ರೈಯರ್ ಬಿಸಿಗಾಳಿ ಬಿಟ್ಟೆ. ಫ್ಯಾನ್ ಗಾಳಿ ಸಾಲದು. ಜುಲೈಯಲ್ಲಿ ನಮ್ಮಲ್ಲಿ 24 ಡಿಗ್ರಿ, ತೇವಾಂಶ ಶೇಕಡಾ 90 ಇದ್ದ ಗಾಳಿ ಇನ್ನೆಷ್ಟು ನೀರು ಹೀರೀತು? ಅದೇ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇಕಡಾ 22ರ ಹತ್ತಿರ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯ ಆಯಿತು.

ಸ್ಪಿರಿಟ್ ಹಾಕಿ ಒಣಗಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಡ್ರೈಯರ್ ಹತ್ತಿರಕ್ಕೂ ತರಬೇಡಿ, ಆವಿಗೆ ಬೆಂಕಿ ಹತ್ತುತ್ತದೆ. ನಾನು ಸ್ಪಿರಿಟ್ ಬಿಟ್ಟೇಬಿಟ್ಟೆ.

ಇನ್ನೊಂದು ಸಣ್ಣ ವಿಷಯ. ಟ್ಯಾಂಕ್ ಬೋರಲು ಹಾಕಿದರೆ ನೀರೆಲ್ಲ ಬರುತ್ತದೆ ಅಂದುಕೊಳ್ಳಬೇಡಿ. ಬಾಯಿಯ ಕತ್ತು ಒಳಗಡೆ ಸ್ವಲ್ಪ ಚಾಚಿರುತ್ತದೆ. ಅದರ ಸುತ್ತ ನೀರು ನಿಲ್ಲುತ್ತದೆ. ಟ್ಯಾಪ್ ತೂತು ಕೆಳಗೆ ಬರುವಂತೆ ತಿರುಗಿಸಿ ಮತ್ತೆ ಬಸಿಯಿರಿ, ಉಳಿದದ್ದನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ.

ಟ್ಯಾಂಕ್ ಪೂರ್ತಿ ತಣ್ಣಗಾದ ಮೇಲೆ, ಬಚ್ಚಲ ಒಲೆಯಿಂದ ದೂರ, ಅಂಗಳದಲ್ಲಿ ಅರ್ಧ ಲೀಟರ್ ಪೆಟ್ರೋಲಿಗೆ 100 ಎಂಎಲ್ 2ಟಿ ಆಯಿಲ್ ಕಲಸಿ ಹಾಕಿ ಎಲ್ಲಾ ಕಡೆ ತಿರುಗಿಸಿದೆ. ಅದನ್ನು ಬಟ್ಟೆಯಲ್ಲಿ ಸೋಸಿ ತೆಗೆದೆ. ಸೋಡಾ ಪುಡಿ ಸ್ವಲ್ಪ ಬಂತು. ಅದು ಕಾರ್ಬ್ಯುರೇಟರ್ ಜೆಟ್‌ಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ ಹೋಗಬಾರದು.

ತೂತು

ತುಕ್ಕು ಹೋದ ಮೇಲೆ ಸೂಜಿಮೊನೆಯಷ್ಟು ತೂತು ಕಾಣಬಹುದು, ಅಲ್ಲಿಯವರೆಗೆ ತುಕ್ಕೇ ಅದನ್ನು ಮುಚ್ಚಿಕೊಂಡಿರುತ್ತದೆ. ವಾಷಿಂಗ್ ಸೋಡಾ ನೀರು ತುಂಬಿಟ್ಟಾಗಲೇ ಕೆಳಗೆ ಪೇಪರ್ ಹಾಸಿ ಜೋಡಣೆಯ ಅಂಚು ನೋಡಿಕೊಳ್ಳಿ. ಪೆಟ್ರೋಲ್ ಇದ್ದ ಟ್ಯಾಂಕನ್ನು ಖಾಲಿ ಇದೆಯಲ್ಲ ಅಂತ ಸುಮ್ನೆ ವೆಲ್ಡಿಂಗ್‌ಗೆ ಕೊಡಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ಟ್ಯಾಂಕ್ ಕೆಲಸ ಗೊತ್ತಿರುವವರ ಹತ್ತಿರವೇ ಹೋಗಿ.

ನಮ್ಮದರಲ್ಲಿ ತೂತು ಇರಲಿಲ್ಲ. ಪೆಟ್ರೋಲ್ ಟ್ಯೂಬಿನ ನಡುವೆ ಪಾರದರ್ಶಕ ಫಿಲ್ಟರ್ ಹಾಕಿದ್ದೇನೆ. ಮೊದಲ ವಾರ ಕಪ್ಪು ಪುಡಿ ಚೂರು ಬಂತು, ಆಮೇಲೆ ಬಂದಿಲ್ಲ. ಈಗ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವ ಮೊದಲು ಚಿಕ್ಕಪ್ಪನೇ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ.