ಹೌಸ್ ಸರ್ಜೆನ್ಸಿಗೆ ಮೊದಲು ಮನೆಯ ರಾತ್ರಿಗಳ ಲೆಕ್ಕ

ಎಂ.ಬಿ.ಬಿ.ಎಸ್. ಮುಗಿಸಿ ಇಂಟರ್ನ್‌ಶಿಪ್, ಅಂದರೆ ಹೌಸ್ ಸರ್ಜೆನ್ಸಿ ಎಂಬ ಆಸ್ಪತ್ರೆಯ ಕಡ್ಡಾಯ ತರಬೇತಿ ಸೇರಲಿರುವ ತಾಯಂದಿರು ಇಲ್ಲಿ ಹಾಸನದಲ್ಲಿ ನನ್ನನ್ನು ಕಾಣಲು ಬಂದಾಗ ಮೊದಲು ಕೇಳುವುದು, ಯಾವ ಪುಸ್ತಕವನ್ನು ಮತ್ತೊಮ್ಮೆ ತಿರುವಿಹಾಕಬೇಕು ಎಂದು. ಹೆರಿಗೆಯ ಕಾರಣಕ್ಕೆ ಓದು ನಡುವೆ ನಿಂತವರಿಗೆ, ವಿದೇಶದಲ್ಲಿ ಓದಿ, ಅಂಥವರು ಇಲ್ಲಿ ಬರೆಯಬೇಕಾದ ಎಫ್.ಎಂ.ಜಿ.ಇ. ಅರ್ಹತಾ ಪರೀಕ್ಷೆ ಪಾಸಾಗಿ ಬಂದವರಿಗೆ ಈ ಅಳುಕು ಸಹಜವೇ. ಆದರೆ ರಕ್ತನಾಳಕ್ಕೆ ಕ್ಯಾನುಲಾ ಹಾಕುವುದನ್ನೂ ಕೇಸ್ ಶೀಟ್ ಬರೆಯುವುದನ್ನೂ ವಾರ್ಡಿನ ಸಿಸ್ಟರ್‌ಗಳು ಮತ್ತು ಸ್ನಾತಕೋತ್ತರ ಓದುವ ಪಿ.ಜಿ.ಗಳು ಹದಿನೈದು ದಿನಗಳಲ್ಲಿ ಕೈಗೆ ಹತ್ತಿಸಿಬಿಡುತ್ತಾರೆ. ರಾತ್ರಿ ಎರಡು ಗಂಟೆಗೆ ಮಗು ಎದ್ದು ಅತ್ತರೆ ಎತ್ತಿಕೊಳ್ಳುವವರು ಯಾರೆಂಬುದನ್ನು ಅವರು ತೀರ್ಮಾನಿಸಿಕೊಡಲಾರರು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯ ಪ್ರಕಾರ ಇಂಟರ್ನ್‌ಶಿಪ್ ಅವಧಿ 12 ತಿಂಗಳು. ಅದರಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ 7 ವಾರ, ಮೆಡಿಸಿನ್ ಮತ್ತು ಸರ್ಜರಿಗೆ ತಲಾ 6 ವಾರ. ಕಾಗದದ ಮೇಲೆ ಎಲ್ಲ ವಾರಗಳೂ ಒಂದೇ ಬಗೆಯಾಗಿ ಕಂಡರೂ ಮನೆಗೆ ಹಾಗಲ್ಲ. ಸಮುದಾಯ ವೈದ್ಯಕೀಯದ, ಅಂದರೆ ಆರೋಗ್ಯ ಕೇಂದ್ರದ ಪೋಸ್ಟಿಂಗ್ ಸಾಮಾನ್ಯವಾಗಿ ಹಗಲಿನದು, ಬಸ್ಸಿನ ಪ್ರಯಾಣವೊಂದನ್ನು ಸಹಿಸಿಕೊಂಡರೆ ಸಂಜೆಗೆ ಮನೆ ಸೇರಬಹುದು. ಹೆರಿಗೆ ವಿಭಾಗದ, ಅಂದರೆ ಲೇಬರ್ ವಾರ್ಡಿನ 7 ವಾರಗಳಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಪೋಸ್ಟಿಂಗ್ ಪಟ್ಟಿ ಅಂತಿಮವಾಗುವ ಮೊದಲೇ, ಮನೆಯಲ್ಲಿ ನೆರವಿಗೆ ಜನರಿರುವ ತಿಂಗಳುಗಳು ಯಾವುವೆಂದು ಬರೆದಿಟ್ಟುಕೊಂಡು ವಿಭಾಗದವರೊಡನೆ ಮಾತನಾಡಬೇಕು. ನಮ್ಮ ಕಡೆ ಇದಕ್ಕೊಂದು ವಿಶೇಷ ತೊಡಕಿದೆ. ಸಕಲೇಶಪುರ, ಮೂಡಿಗೆರೆ ಭಾಗದ ಅತ್ತೆ ಮಾವಂದಿರು ಮೊಮ್ಮಗುವನ್ನು ನೋಡಿಕೊಳ್ಳಲು ಸಂತೋಷದಿಂದ ಒಪ್ಪುತ್ತಾರೆ, ಆದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲಿನ ಆಳುಗಳನ್ನೂ ಕಣದಲ್ಲಿ ಹರವಿದ ಕಾಫಿಯನ್ನೂ ಬಿಟ್ಟು ಬರಲಾರರು. ಆ ತಿಂಗಳುಗಳಿಗೆ ಲೇಬರ್ ವಾರ್ಡ್ ಬೀಳದಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ. ಪಟ್ಟಿ ಬಂದ ಮೇಲೆ ಗೋಳಾಡುವುದಕ್ಕಿಂತ ಅದು ಎಲ್ಲರಿಗೂ ಹಿತ. ರಜೆ ಇರುವುದು 15 ದಿನ ಮಾತ್ರ. ಮಗುವಿನ ಮೊದಲ ಜ್ವರಕ್ಕೇ ಅದನ್ನೆಲ್ಲ ಕಳೆದುಕೊಂಡವರು, ಆಮೇಲೆ ಎಷ್ಟು ದಿನ ತಪ್ಪಿಸಿಕೊಂಡರೋ ಅಷ್ಟು ದಿನ ಕೊನೆಯಲ್ಲಿ ಹೆಚ್ಚಾಗಿ ಕೆಲಸ ಮಾಡಿ ಪೂರೈಸಬೇಕಾಗುತ್ತದೆ.

ಹೆಪಟೈಟಿಸ್ ಬಿ ಲಸಿಕೆಯನ್ನು ಬಹಳ ಜನ ಸೇರುವ ವಾರದಲ್ಲಿ ನೆನಪಿಸಿಕೊಳ್ಳುತ್ತಾರೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ಅದಾದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಎಂಬ ಕ್ರಮವಿರುವಾಗ ಅದನ್ನು ಅಂತಿಮ ವರ್ಷದಲ್ಲೇ ಆರಂಭಿಸಬೇಕು. ಹಾಲುಣಿಸುವ ತಾಯಂದಿರೂ ಈ ಲಸಿಕೆಯನ್ನು ಪಡೆಯಬಹುದು. ಸೂಜಿ ಚುಚ್ಚಿದರೆ ಗಾಯವನ್ನು ಸೋಪು ನೀರಿನಿಂದ ತೊಳೆದು ಕೂಡಲೇ ವರದಿ ಮಾಡಬೇಕು, ಎಚ್.ಐ.ವಿ. ತಡೆಯುವ ಔಷಧಿಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು, ಮತ್ತು ಮನೆಯಲ್ಲಿ ಎದೆಹಾಲು ಕುಡಿಯುವ ಮಗುವಿರುವ ವಿಷಯವನ್ನು ಆ ಔಷಧಿ ಕೊಡುವ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಡ್ಯೂಟಿಗೆ ಹೋಗುವ ಮೊದಲು ಮಗುವಿಗೆಂದು ಹಿಂಡಿಟ್ಟ ಎದೆಹಾಲು ಕೋಣೆಯ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ಒಂದು ದಿನ ಇಡಬಹುದು ಎಂದು ನಾನು ಹೇಳುತ್ತೇನೆ. ಬಾಗಿಲಿನ ತಟ್ಟೆಯಲ್ಲಿ ಇಡಬಾರದು, ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಬಟ್ಟಲಿನಲ್ಲಿ ಲೋಟವನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಇದನ್ನು ತಾಯಿ ತಿಳಿದಿದ್ದರೆ ಸಾಲದು, ಹಾಲು ಕುಡಿಸುವವರು ತಿಳಿದಿರಬೇಕು.

ನಮ್ಮ ಯೂನಿಟ್ಟಿಗೆ ಬಂದಿದ್ದ ಒಬ್ಬ ಇಂಟರ್ನ್, ಒಂದೂವರೆ ವರ್ಷದ ಮಗುವಿನ ತಾಯಿ, ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. "ತೂಕ 10 ಕೆ.ಜಿ. ಜ್ವರಕ್ಕೆ 250ರ ಬಾಟಲಿ, 3 ಎಂ.ಎಲ್., ಆರು ಗಂಟೆ ಕಳೆಯದೆ ಮತ್ತೆ ಬೇಡ. ಕೊಟ್ಟ ಸಮಯ ಬರೆಯಿರಿ." ಕೆಳಗೆ ಗಂಟೆ ಬರೆಯಲು ಗೆರೆ ಹಾಕಿದ ಜಾಗವಿತ್ತು. ಪ್ಯಾರಾಸಿಟಮಾಲ್ ಸಿರಪ್ಪು 5 ಎಂ.ಎಲ್.ಗೆ 120 ಮಿ.ಗ್ರಾಂ. ಮತ್ತು 250 ಮಿ.ಗ್ರಾಂ. ಎಂದು ಎರಡು ಬಲಗಳಲ್ಲಿ ಸಿಗುವುದರಿಂದ ಅವರು 120ರ ಬಾಟಲಿಯನ್ನು ಮನೆಯಿಂದಲೇ ತೆಗೆದುಹಾಕಿದ್ದರು. ಲೇಬರ್ ರೂಮಿನಲ್ಲಿ ಕೈಗೆ ಗ್ಲೌಸ್ ಹಾಕಿ ನಿಂತಾಗ ಅತ್ತೆಯವರ ಫೋನ್ ಎತ್ತಲಾಗುವುದಿಲ್ಲ ಎಂಬುದು ಅವರಿಗೆ ಮೊದಲ ವಾರದಲ್ಲೇ ಮನವರಿಕೆಯಾಗಿತ್ತು. ಇಡೀ ವರ್ಷದಲ್ಲಿ ನಾನು ಕಂಡ ಅತ್ಯುತ್ತಮ ಪ್ರಿಸ್ಕ್ರಿಪ್ಷನ್ ಅದೇ ಎಂದು ತಮಾಷೆಗೆ ಹೇಳುವುದುಂಟು.

ಅವರೇ ಹೇಳಿದ ಇನ್ನೊಂದು ಉಪಾಯವನ್ನು ಈಗ ಎಲ್ಲರಿಗೂ ಸೂಚಿಸುತ್ತೇನೆ. ಸೇರುವುದಕ್ಕೆ ಒಂದು ತಿಂಗಳು ಮೊದಲು ಅವರು ವಾರಕ್ಕೊಂದು ರಾತ್ರಿ ತವರಿನಲ್ಲಿ ಮಲಗಿ, ಮಗುವನ್ನು ಗಂಡನ ಬಳಿಯೇ ಬಿಟ್ಟಿದ್ದರು. ಮೊದಲ ರಾತ್ರಿ ಮಗು ಹನ್ನೊಂದರವರೆಗೆ ಅತ್ತು, ಗಂಡ ಮೂರು ಸಲ ಫೋನ್ ಮಾಡಿದರಂತೆ. ಎರಡನೆಯ ವಾರ ಒಂದು ಸಲ. ನಾಲ್ಕನೆಯ ವಾರ ಫೋನೇ ಬರದಿದ್ದಾಗ ನಿದ್ದೆ ಬಾರದೆ ಬೆಳಗಿನ ಜಾವ ತಾವೇ ಫೋನ್ ಮಾಡಿ ಎಬ್ಬಿಸಿ, ಗಂಡನಿಂದ ಬೈಸಿಕೊಂಡರು.